ಜಂತೆ ಎಣಿಸುವ ಅತಿಥಿಗಳು

ರೋಗ ತರುವ ಬ್ಯಾಕ್ಟೀರಿಯಾ ವಿಷ ಕಾರುತ್ತದೆ, ಅದು ಹೊರಬಿಡುವ ಪ್ರೋಟೀನೇ ಆ ವಿಷ ಎಂಬ ಕಲ್ಪನೆ ಓದಿದವರಲ್ಲಿಯೂ ಬೇರೂರಿದೆ. ಇದು ಆಧಾರವಿಲ್ಲದ ಕಲ್ಪನೆಯೇನಲ್ಲ. ಗಂಟಲಮಾರಿ, ಧನುರ್ವಾಯು, ಕಾಲರಾ ರೋಗಗಳ ಬ್ಯಾಕ್ಟೀರಿಯಾಗಳು ಜೀವಕೋಶದ ಹೊರಗೇ ಉಳಿದು ಅಲ್ಲಿಂದಲೇ ವಿಷವನ್ನು ಹರಿಯಬಿಡುತ್ತವೆ, ಮತ್ತು ಗಂಟಲಮಾರಿಯ ವಿಷದ ಒಂದೇ ಅಣು ಒಳಹೊಕ್ಕರೂ ಕೋಶ ಸಾಯಬಲ್ಲದು. ಆದರೆ ಕೋಶದೊಳಗೇ ಬಿಡಾರ ಹೂಡುವ ಅಂತರ್ಕೋಶೀಯ ಬ್ಯಾಕ್ಟೀರಿಯಾಗಳಿಗೆ ಇದೇ ಮಾತನ್ನು ಅನ್ವಯಿಸಿದಾಗ ಲೆಕ್ಕ ತಪ್ಪುತ್ತದೆ, ಏಕೆಂದರೆ ಅವುಗಳಿಗೆ ಮನೆಯೂ ಅನ್ನವೂ ಆ ಕೋಶವೇ. ತಮಗೆ ಆಶ್ರಯ ಕೊಟ್ಟ ಆತಿಥೇಯ ಕೋಶದೊಳಕ್ಕೆ ಇವು ಸೇರಿಸುವ ಪ್ರೋಟೀನುಗಳನ್ನು ಎಫೆಕ್ಟರ್‌ಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಬಹುಪಾಲು ಕೋಶವನ್ನು ಉಳಿಸಿಕೊಂಡೇ ಅದರ ಆಡಳಿತವನ್ನು ವಶಪಡಿಸಿಕೊಳ್ಳುತ್ತವೆ.

ಬ್ಯಾಕ್ಟೀರಿಯಾ ಕೋಶಪೊರೆಯನ್ನು ಕೊರೆದು ಒಳನುಗ್ಗುತ್ತದೆ ಎಂಬುದು ಇನ್ನೊಂದು ನಂಬಿಕೆ. ವಿಷಮಶೀತ ಜ್ವರದ ಬ್ಯಾಕ್ಟೀರಿಯಾಕ್ಕೆ ಹತ್ತಿರದ ಬಂಧುವಾದ, ಕೆಟ್ಟ ಆಹಾರದ ಮೂಲಕ ಭೇದಿ ತರುವ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ನುಗ್ಗುವುದಿಲ್ಲ. ಕೋಶವೇ ತನ್ನನ್ನು ಎತ್ತಿ ಒಳಗಿಟ್ಟುಕೊಳ್ಳುವಂತೆ ಮಾಡುತ್ತದೆ. ಅದರ ಮೈಮೇಲೆ ಇಂಜೆಕ್ಷನ್ ಸೂಜಿಯನ್ನು ಹೋಲುವ ರಚನೆಗಳಿದ್ದು, ಕರುಳಿನ ಒಳಪದರದ ಕೋಶಕ್ಕೆ ತಾಗಿದೊಡನೆ ಅವುಗಳ ಮೂಲಕ ಸಾಪ್‌ಇ ಎಂಬ ಎಫೆಕ್ಟರ್ ಒಳಕ್ಕೆ ಹರಿಯುತ್ತದೆ. ಕೋಶದಲ್ಲಿ ರ‍್ಯಾಕ್ ಮತ್ತು ಸಿಡಿಸಿ42 ಎಂಬ ಪ್ರೋಟೀನುಗಳಿವೆ. ಇವು ವಿದ್ಯುತ್ ಸ್ವಿಚ್ಚಿನಂತೆ, ಜಿಟಿಪಿ ಎಂಬ ಅಣುವನ್ನು ಹಿಡಿದಾಗ ಚಾಲೂ ಆಗಿ, ಅದು ಒಡೆದು ಜಿಡಿಪಿ ಆದಾಗ ಆರುತ್ತವೆ. ಸಾಪ್‌ಇ ಈ ಸ್ವಿಚ್ಚನ್ನು ಹಾಕುತ್ತದೆ, ಕೋಶದ ಅಸ್ಥಿಪಂಜರದಂತಿರುವ ಆಕ್ಟಿನ್ ಎಳೆಗಳು ಮರುಜೋಡಣೆಗೊಂಡು ಪೊರೆ ಸೀರೆಯ ನೆರಿಗೆಯಂತೆ ಉಬ್ಬಿ ಬ್ಯಾಕ್ಟೀರಿಯಾವನ್ನು ಸುತ್ತಿ ಒಳಗೆಳೆದುಕೊಳ್ಳುತ್ತದೆ. ಅತಿಥಿ ಒಳಬಂದ ಮೇಲೆ ಬಾಗಿಲು ಹಾಕುವವರೂ ಬೇಕಲ್ಲ. ಅದೇ ಸೂಜಿಯಿಂದ ಬಂದ ಎಸ್‌ಪಿಟಿಪಿ ಎಂಬ ಮತ್ತೊಂದು ಎಫೆಕ್ಟರ್ ಆ ಸ್ವಿಚ್ಚನ್ನು ಆರಿಸುತ್ತದೆ ಎಂದು 1999ರಲ್ಲಿ ತೋರಿಸಲಾಯಿತು, ಮತ್ತು ಕೆಲವು ಗಂಟೆಗಳಲ್ಲಿ ಕೋಶದ ಮೇಲ್ಮೈ ಏನೂ ಆಗದಂತೆ ಮೊದಲಿನ ಆಕಾರಕ್ಕೆ ಮರಳುತ್ತದೆ.

ಹಾಕುವುದೂ ಆರಿಸುವುದೂ ಜೊತೆಯಾಗಿಯೇ ಒಳಬಂದರೆ ಒಂದು ಇನ್ನೊಂದನ್ನು ರದ್ದುಮಾಡುವುದಿಲ್ಲವೇ ಎಂಬ ಪ್ರಶ್ನೆ ಸಹಜ. 2003ರಲ್ಲಿ ಸಿಕ್ಕ ಉತ್ತರ ಈ ಕ್ಷೇತ್ರದ ಅತ್ಯಂತ ಸೊಗಸಾದ ಸಂಗತಿಗಳಲ್ಲೊಂದು: ಬೇಡವಾದ ಪ್ರೋಟೀನುಗಳನ್ನು ಚೂರು ಮಾಡುವ ಕೋಶದ ಸ್ವಂತ ಯಂತ್ರವಾದ ಪ್ರೋಟಿಯಾಸೋಮ್ ಸಾಪ್‌ಇಯನ್ನು ಬೇಗ ಮುಗಿಸುತ್ತದೆ, ಎಸ್‌ಪಿಟಿಪಿ ಅದಕ್ಕಿಂತ ಹೆಚ್ಚು ಹೊತ್ತು ಬಾಳುತ್ತದೆ. ಸಾಪ್‌ಇಯ ತುದಿಯ ಭಾಗವನ್ನು ತೆಗೆದು ಎಸ್‌ಪಿಟಿಪಿಯ ತುದಿಯನ್ನು ಜೋಡಿಸಿದಾಗ ಅದೂ ಹೆಚ್ಚು ಹೊತ್ತು ಉಳಿಯಿತು, ನೆರಿಗೆಗಳೂ ಬೇಗ ಇಳಿಯಲಿಲ್ಲ. ಬ್ಯಾಕ್ಟೀರಿಯಾ ತನ್ನ ಗಡಿಯಾರವಾಗಿ ಬಳಸುವುದು ಕೋಶದ ಕಸ ವಿಲೇವಾರಿ ವ್ಯವಸ್ಥೆಯನ್ನೇ.

ರೋಗಾಣುಗಳನ್ನು ನುಂಗುವ ಭಕ್ಷಕಕೋಶದ ಹೊಟ್ಟೆ ಸೇರಿದ ಬ್ಯಾಕ್ಟೀರಿಯಾ ಸತ್ತಂತೆಯೇ ಎಂಬ ಮಾತೂ ಎಲ್ಲ ಕಡೆ ಸಲ್ಲುವುದಿಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರನ್ನು ಕಾಡಿದ ನ್ಯುಮೋನಿಯಾಕ್ಕೆ ಕಾರಣವಾದ ಲೀಜಿಯೊನೆಲ್ಲಾ, ತನ್ನನ್ನು ನುಂಗಿದ ಕೋಶದೊಳಗೇ 300ಕ್ಕೂ ಹೆಚ್ಚು ಬಗೆಯ ಎಫೆಕ್ಟರ್‌ಗಳನ್ನು ಬಿಡಬಲ್ಲದು. ಇವು ಕೋಶದ ಸಾಗಣೆ ವ್ಯವಸ್ಥೆಯ ದಾರಿ ತಪ್ಪಿಸುವುದರಿಂದ, ಜೀರ್ಣಿಸುವ ಚೀಲಗಳ ಬದಲು ಬೇರೆಡೆಗೆ ಹೊರಟ ಪೊರೆಚೀಲಗಳು ಬಂದು ಬ್ಯಾಕ್ಟೀರಿಯಾಕ್ಕೆ ಗೂಡು ಕಟ್ಟಿಕೊಡುತ್ತವೆ. ಈ ಎಫೆಕ್ಟರ್‌ಗಳಲ್ಲಿ ಯಾವುದೋ ಒಂದನ್ನು ತೆಗೆದುಹಾಕಿದರೆ ಅನೇಕ ವೇಳೆ ಬ್ಯಾಕ್ಟೀರಿಯಾಕ್ಕೆ ನಷ್ಟವೇ ಕಾಣದು. ಒಂದು ರೋಗಾಣುವಿಗೆ ಒಂದು ಅಸ್ತ್ರ ಎಂಬ ಸರಳ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಈ ಬತ್ತಳಿಕೆ ಮನುಷ್ಯನಿಗಾಗಿ ಸಿದ್ಧವಾದದ್ದೇ ಅಲ್ಲ; ಲೀಜಿಯೊನೆಲ್ಲಾ ನಿಸರ್ಗದಲ್ಲಿ ಬೆಳೆಯುವುದು ನೀರಿನ ಅಮೀಬಾಗಳಲ್ಲಿ, ಮತ್ತು ಮನುಷ್ಯನ ಭಕ್ಷಕಕೋಶ ಅದರ ಪಾಲಿಗೆ ಆಕಸ್ಮಿಕವಾಗಿ ಸಿಕ್ಕ ಮತ್ತೊಂದು ಅಮೀಬಾ.

ಹೆಚ್ಚು ಹಾನಿ ಮಾಡುವ ಪ್ರೋಟೀನಿನಿಂದ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಲಾಭ ಎಂಬ ತರ್ಕವನ್ನು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಲೆಕೆಳಗು ಮಾಡುತ್ತದೆ. ಕೋಶದೊಳಗೆ ತಾನು ಸಿಕ್ಕಿಬಿದ್ದ ಚೀಲದಿಂದ ಪಾರಾಗಲು ಅದು ಲಿಸ್ಟೀರಿಯೊಲೈಸಿನ್ ಎಂಬ ರಂಧ್ರ ಕೊರೆಯುವ ಪ್ರೋಟೀನನ್ನು ಬಳಸುತ್ತದೆ. ಚೀಲದ ಆಮ್ಲೀಯ ವಾತಾವರಣದಲ್ಲಿ ಚುರುಕಾಗಿರುವ ಈ ಪ್ರೋಟೀನು ಹೊರಗಿನ ಕೋಶದ್ರವದಲ್ಲಿ ಮಂಕಾಗುವುದರಿಂದ ಕೋಶದ ಹೊರಪೊರೆ ಉಳಿದುಕೊಳ್ಳುತ್ತದೆ. ಈ ಕಡಿವಾಣ ತಪ್ಪಿದ ರೂಪಾಂತರಿಗಳು ಕೋಶವನ್ನು ಕೊಂದು ಬಯಲಿಗೆ ಬಿದ್ದವು, ಇಲಿಗಳಲ್ಲಿ ರೋಗ ತರುವ ಅವುಗಳ ಶಕ್ತಿಯೂ ತೀರ ಕುಗ್ಗಿತು. ಉಂಡ ಮನೆಯ ಜಂತೆ ಎಣಿಸುವ ಜೀವಿ ಇದು ಎಂಬುದು ನಿಜ, ಆದರೆ ಜಂತೆಯನ್ನೇ ಕಿತ್ತರೆ ಸೂರು ತನ್ನ ತಲೆಯ ಮೇಲೂ ಬೀಳುತ್ತದೆ.

ಈ ಪ್ರೋಟೀನುಗಳು ಯಾವಾಗಲೂ ಬ್ಯಾಕ್ಟೀರಿಯಾದ ಪರವಾಗಿಯೇ ದುಡಿಯುತ್ತವೆ ಎನ್ನುವಂತಿಲ್ಲ, ಅವು ಗುಟ್ಟನ್ನೂ ಬಿಟ್ಟುಕೊಡುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಹೊರಸೂಸುವ ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಎಂಬ ಪ್ರೋಟೀನುಗಳನ್ನು ರಕ್ತದ ಟಿ ಕೋಶಗಳು ಗುರುತಿಟ್ಟುಕೊಳ್ಳುತ್ತವೆ. 1908ರಿಂದ 1921ರವರೆಗೆ ಪ್ರಯೋಗಾಲಯದಲ್ಲಿ 230 ಸಲ ಮರುಬೆಳೆಸಿ ಪಳಗಿಸಿದ ಬಿಸಿಜಿ ಲಸಿಕೆಯ ತಳಿ ಇವುಗಳ ವಂಶವಾಹಿಗಳನ್ನೇ ಕಳೆದುಕೊಂಡಿದೆ; ಆದ್ದರಿಂದ ಈ ಎರಡು ಪ್ರೋಟೀನುಗಳನ್ನು ಬಳಸುವ ರಕ್ತಪರೀಕ್ಷೆ, ಹಳೆಯ ಚರ್ಮಪರೀಕ್ಷೆಯಂತೆ ಲಸಿಕೆ ಪಡೆದವರನ್ನು ಸೋಂಕಿತರೆಂದು ತಪ್ಪಾಗಿ ತೋರಿಸುವುದಿಲ್ಲ. ಆದರೆ ಪರೀಕ್ಷೆ ಪಾಸಿಟಿವ್ ಬಂದರೆ ಕ್ಷಯರೋಗವಿದೆ ಎಂದು ಗಾಬರಿಬೀಳುವುದೂ ತಪ್ಪು ಕಲ್ಪನೆಯೇ. ದೇಹ ಆ ಬ್ಯಾಕ್ಟೀರಿಯಾವನ್ನು ಕಂಡಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಬ್ಯಾಕ್ಟೀರಿಯಾ ಮಲಗಿದೆಯೋ ಎದ್ದಿದೆಯೋ ಎಂಬುದನ್ನು ಕಫದ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇಗಳಿಂದ ಬೇರೆಯಾಗಿಯೇ ತಿಳಿಯಬೇಕಾಗುತ್ತದೆ.