ಬಿಳಿಮುಟ್ಟಿಗೆ ಗರ್ಭಚೀಲ ತೆಗೆಸಬೇಕಾಗಿಲ್ಲ



ಕಬ್ಬಿನ ಎಲೆ ಹಳದಿಯಾಯಿತೆಂದು ತಾವು ಇಡೀ ಫಡವನ್ನು ಕಿತ್ತು ಹಾಕುವುದಿಲ್ಲ. ನೀರು ಹೆಚ್ಚಾಯಿತೋ, ಗೊಬ್ಬರ ಕಡಿಮೆಯಾಯಿತೋ, ಬೇರಿಗೆ ಗೊಣ್ಣೆಹುಳು ಬಿದ್ದಿದೆಯೋ ಎಂದು ಮೊದಲು ನೋಡುತ್ತೀರಿ. ಹೆಣ್ಣುಮಕ್ಕಳಿಗೆ ಬಿಳುಪು ಹೋಗುವ ವಿಷಯದಲ್ಲಿ ಮಾತ್ರ ನಮ್ಮ ಕಡೆ ಎರಡೇ ದಾರಿ ಕಾಣುತ್ತವೆ: ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಇರುವುದು, ಇಲ್ಲವೆ ಒಮ್ಮೆಲೇ ಗರ್ಭಚೀಲವನ್ನೇ ತೆಗೆಸಿಬಿಡುವುದು. ಇವೆರಡರ ನಡುವೆ ಕೆಲವೇ ದಿನಗಳ ಅಗ್ಗದ ಔಷಧೋಪಚಾರವಿದೆ. ಹೆಂಗಸರ ಮಾತೆಂದು ಗಂಡಸರು ಪುಟ ಮಗುಚದೆ, ಇದನ್ನು ಮನೆಯಲ್ಲಿ ಓದಿ ಹೇಳಬೇಕೆಂದು ವಿನಂತಿ.

ಈ ಮಾತು ನಮ್ಮ ಕಬ್ಬಿಗೆ ದೂರದ್ದಲ್ಲ. ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಹೆಣ್ಣುಮಕ್ಕಳ ಗರ್ಭಚೀಲದ ಶಸ್ತ್ರಕ್ರಿಯೆಗಳ ಬಗ್ಗೆ 2019ರಲ್ಲಿ ಮಹಾರಾಷ್ಟ್ರ ಸರಕಾರವು ಡಾ. ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ವಿಚಾರಿಸಿದ 82,309 ಹೆಣ್ಣುಮಕ್ಕಳಲ್ಲಿ 13,861 ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದರು. ನೂರಕ್ಕೆ ಸುಮಾರು 17! ಬಿಳುಪು ಹೋಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ ಎಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ ಕೊಯ್ದ ದೂರುಗಳು ಅಲ್ಲಿ ಎದ್ದವು. ಒಂದು ದಿನ ಕೆಲಸ ತಪ್ಪಿದರೆ ಮುಕಾದಮನ ಖಾಡಾ ಬೀಳುತ್ತದೆಂಬ ಭಯವೂ ಅದರ ಹಿಂದಿತ್ತು.

ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ ಮತ್ತು ಅವರ ಸಂಗಡಿಗರು 650 ಹೆಂಗಸರನ್ನು ತಪಾಸಣೆ ಮಾಡಿ 1989ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 8 ಮಾತ್ರ. ಇದರಿಂದ ನಾಚಿಕೆಗೆ ಎಷ್ಟು ಬೆಲೆ ತೆರುತ್ತಿದ್ದೇವೆಂದು ತಿಳಿಯುತ್ತದೆ.

ಎಲ್ಲ ಬಿಳುಪೂ ರೋಗವಲ್ಲ. ಎರಡು ಮುಟ್ಟಿನ ನಡುವೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಜಾರುವಂತೆ ಹೋಗುವುದು ದೇಹದ ಸಹಜ ಕ್ರಿಯೆ. ಬಸಿರಿನಲ್ಲಿ ಸ್ವಲ್ಪ ಹೆಚ್ಚು ಹೋಗುತ್ತದೆ. ನಾತವಿಲ್ಲ, ತುರಿಕೆಯಿಲ್ಲ, ಉರಿಯಿಲ್ಲ ಎಂದಾದರೆ ಔಷಧ ಬೇಡ. ಇದರಿಂದ ಎಲುಬು ಕರಗುತ್ತದೆ, ಶಕ್ತಿ ಸೋರಿ ಹೋಗುತ್ತದೆ ಎಂಬುದು ಬರಿಯ ಭ್ರಮೆ. ಸುಸ್ತು ಇದ್ದರೆ ರಕ್ತಹೀನತೆಯನ್ನು ಪರೀಕ್ಷಿಸಿಕೊಳ್ಳಬೇಕು.

ರೋಗದ ಬಿಳುಪು ಬೇರೆ ತರಹದ್ದು. ಒಡೆದ ಹಾಲಿನಂತೆ ಗಟ್ಟಿಯಾಗಿ ಹೋಗಿ, ತಡೆಯಲಾರದ ತುರಿಕೆ, ಕೆಂಪು, ಉಚ್ಚೆ ಹೊಯ್ಯುವಾಗ ಉರಿ ಇದ್ದರೆ ಅದು ಹೆಚ್ಚಾಗಿ ಬೂಷ್ಟಿನ ಜಾತಿಯ ಸೋಂಕು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬೇರೆ ರೋಗಕ್ಕೆ ಆಂಟಿಬಯಾಟಿಕ್ ನುಂಗಿದವರಲ್ಲಿ ಇದು ಬೇಗ ಬರುತ್ತದೆ. ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆ ನೋಡಿಸಲೇಬೇಕು. ತೆಳ್ಳಗೆ ಬೂದುಬಣ್ಣದ್ದಾಗಿ ಮೀನಿನ ನಾತ ಬರುತ್ತಿದ್ದರೆ ಯೋನಿಯೊಳಗಿನ ಒಳ್ಳೆಯ ಜೀವಾಣುಗಳು ಕಡಿಮೆಯಾಗಿ ಬೇರೆಯವು ಹೆಚ್ಚಿವೆ ಎಂದು ಅರ್ಥ. ಹಳದಿ ಹಸಿರು ಬಣ್ಣ, ನೊರೆ, ದುರ್ವಾಸನೆ, ತುರಿಕೆ ಕೂಡಿದ್ದರೆ ಅದು ಗಂಡಹೆಂಡಿರ ನಡುವೆ ಹರಡುವ ರೋಗವಿರಬಹುದು. ಗಂಡನಿಗೆ ಏನೂ ತೋರದಿದ್ದರೂ ಅವನೂ ಗುಳಿಗೆ ನುಂಗಬೇಕು. ಇಲ್ಲವಾದರೆ ಹೆಂಡತಿಗೆ ವಾಸಿಯಾದದ್ದು ತಿಂಗಳೊಳಗೆ ಮರಳಿ ಬಂದೀತು. ಈ ಲಕ್ಷಣಗಳು ಒಂದರೊಳಗೊಂದು ಬೆರೆಯುವುದರಿಂದ, ನೆರೆಮನೆಯವರಿಗೆ ಕೊಟ್ಟ ಗುಳಿಗೆಯನ್ನೇ ಅಂಗಡಿಯಿಂದ ತರುವುದು ಸರಿಯಲ್ಲ.

ಕೆಲವು ಲಕ್ಷಣಗಳಿಗೆ ಕಬ್ಬು ಸಾಗಿಸುವ ಸರದಿಯೂ ಕಾಯಬಾರದು. ಕಿಬ್ಬೊಟ್ಟೆ ನೋವಿನೊಂದಿಗೆ ಜ್ವರ ಬಂದರೆ ಸೋಂಕು ಗರ್ಭಚೀಲ, ನಳಿಗೆಗಳವರೆಗೆ ಏರಿರಬಹುದು. ತಡಮಾಡಿದರೆ ಮುಂದೆ ಮಕ್ಕಳಾಗದಂತೆ ಆದೀತು. ಅದೇ ದಿನ ತೋರಿಸಬೇಕು. ಬಸುರಿಗೆ ನೀರು ಅಥವಾ ರಕ್ತ ಹೋದರೂ, ಬಾಣಂತಿಗೆ ನಾತದ ಸ್ರಾವವಾದರೂ ಹಾಗೆಯೇ. ಗಂಡನ ಕೂಡಿದ ನಂತರ ರಕ್ತ ಕಾಣುವುದು, ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಾಣುವುದು, ರಕ್ತಮಿಶ್ರಿತ ನಾತದ ನೀರು ಹೋಗುವುದು ಗರ್ಭಚೀಲದ ಬಾಯಿಯ ಕ್ಯಾನ್ಸರಿನ ಸೂಚನೆ ಆಗಿರಬಹುದು. ಆಸ್ಪತ್ರೆಯಲ್ಲಿ ಒಂದು ಬಗೆಯ ತಿಳಿ ಆಮ್ಲವನ್ನು ಹಚ್ಚಿ ನೋಡುವ ಪರೀಕ್ಷೆ ಇದೆ. ಕೆಲವೇ ನಿಮಿಷದ ಕೆಲಸ. ಮೂವತ್ತು ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಮಾಡಿಸಿಕೊಳ್ಳಬೇಕು.

ಯಾರಾದರೂ ಬಿಳುಪಿಗಾಗಿ ಗರ್ಭಚೀಲ ತೆಗೆಯೋಣ ಎಂದರೆ ಅಲ್ಲಿಯೇ ಒಪ್ಪಬೇಡಿರಿ. ಮೇಲೆ ಹೇಳಿದ ಮೂರೂ ಸೋಂಕುಗಳಿರುವುದು ಯೋನಿಯಲ್ಲಿ. ಗರ್ಭಚೀಲ ಹೋದರೂ ಯೋನಿ ಉಳಿಯುತ್ತದೆ, ಸೋಂಕೂ ಉಳಿಯುತ್ತದೆ. ಜೊತೆಗೆ ಅಂಡಕೋಶಗಳನ್ನೂ ತೆಗೆದರೆ ಮೂವತ್ತರ ಹೆಣ್ಣುಮಗಳು ಮುದುಕಿಯಂತಾಗುತ್ತಾಳೆ: ಮೈಯೆಲ್ಲ ಬಿಸಿ ಹಬೆ, ಎಲುಬು ಟೊಳ್ಳು, ಹೃದಯಕ್ಕೂ ಅಪಾಯ. ಗಡ್ಡೆ, ಕ್ಯಾನ್ಸರ್, ನಿಲ್ಲದ ರಕ್ತಸ್ರಾವ ಇಂಥವಕ್ಕೆ ಈ ಶಸ್ತ್ರಕ್ರಿಯೆ ಬೇಕಾಗುತ್ತದೆ, ಅಲ್ಲಗಳೆಯುವಂತಿಲ್ಲ. ಆದರೆ ಎರಡನೆಯ ವೈದ್ಯರ ಅಭಿಪ್ರಾಯ ಕೇಳಿಯೇ ಮುಂದುವರಿಯಬೇಕು. ಅನಾವಶ್ಯಕ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ನಿಯಮಾವಳಿ ಹೊರಡಿಸಿತು. ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಆದೇಶಿಸಿತು.

ಸಾಬೂನು, ಡೆಟಾಲ್, ನಿಂಬೆರಸಗಳಿಂದ ಒಳಗೆ ತೊಳೆಯಬಾರದು. ಇದ್ದ ಒಳ್ಳೆಯ ಜೀವಾಣುಗಳೂ ಸಾಯುತ್ತವೆ. ಹೊರಗೆ ಬರಿಯ ನೀರು ಸಾಕು. ಮುಟ್ಟಿನ ಬಟ್ಟೆಯನ್ನು ಹಾಸಿಗೆಯ ಕೆಳಗೆ ಮುಚ್ಚಿಡದೆ ಬಿಸಿಲಿನಲ್ಲಿ ಒಣಗಿಸಬೇಕು. ತಮ್ಮ ಹೊಲಕ್ಕೆ ಬರುವ ಟೋಳಿಯ ಹೆಣ್ಣುಮಕ್ಕಳಿಗೆ ಬಾವಿಯ ನೀರು, ಮರೆಗೊಂದು ತಟ್ಟಿ ಮಾಡಿಕೊಡುವುದು ಹೊಲದ ಒಡೆಯರಿಗೆ ಭಾರವಲ್ಲ. ಅವರಲ್ಲೊಬ್ಬಳು ದವಾಖಾನೆಗೆ ಹೋದ ದಿನ ಖಾಡಾ ಹಾಕದಂತೆ ಮುಕಾದಮನಿಗೆ ತಾವೇ ಹೇಳಬಹುದು.

ತಪಾಸಣೆ ಮತ್ತು ಗುಳಿಗೆ ಸರಕಾರಿ ದವಾಖಾನೆಯಲ್ಲಿ ದೊರೆಯುತ್ತವೆ. ಮಾಕಣಿ ಸುತ್ತಿನವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿ ಆಗದಿದ್ದರೆ ಉಮರ್ಗಾ, ನಿಲಂಗಾ ಅಥವಾ ಉದಗೀರದ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಒಂಟಿಯಾಗಿ ಹೋಗಲು ಸಂಕೋಚವಾದರೆ ಊರಿನ ಆಶಾ ತಾಯಿಯನ್ನು ಕರೆದೊಯ್ಯಬಹುದು. ಮನೆಯಲ್ಲಿ ಕನ್ನಡವಾಡುವ ನಮ್ಮ ಹೆಣ್ಣುಮಕ್ಕಳು ಮರಾಠಿ ವೈದ್ಯರ ಮುಂದೆ ಬರೇ ‘ಸೊಂಟ ನೋವು’ ಎಂದು ಹೇಳಿ ಎದ್ದು ಬರುತ್ತಾರೆ. ಬಿಳುಪು ಹೋಗುವುದಕ್ಕೆ ‘ಅಂಗಾವರೂನ ಪಾಂಢರ ಜಾತ’, ತುರಿಕೆಗೆ ‘ಖಾಜ’, ಕಿಬ್ಬೊಟ್ಟೆ ನೋವಿಗೆ ‘ಓಟಿಪೋಟಾತ ದುಖತ’ ಎನ್ನಬೇಕು. ಯಾವಾಗಿನಿಂದ, ಯಾವ ಬಣ್ಣ, ನಾತ ಇದೆಯೋ ಇಲ್ಲವೋ, ಕಡೆಯ ಮುಟ್ಟು ಎಂದು ಬಂದಿತ್ತು ಎಂಬುದನ್ನು ಮನೆಯಿಂದಲೇ ನೆನಪಿಟ್ಟುಕೊಂಡು ಹೋಗಿರಿ. ಬಸುರಿದ್ದರೆ ಅದನ್ನು ಮೊದಲು ಹೇಳಿರಿ.