ಮರುಭೂಮಿಯ ಮಿತವ್ಯಯ

ವಿಜಯದಶಮಿಯ ದಿನ ನಾವು ಬನ್ನಿಯ ಮರವನ್ನು ಪೂಜಿಸಿ, ಅದರ ಎಲೆಗಳನ್ನು ಬಂಧುಮಿತ್ರರೊಡನೆ ಹಂಚಿಕೊಳ್ಳುತ್ತೇವೆ. ಮೈಸೂರಿನ ಜಂಬೂಸವಾರಿಯೂ ಬನ್ನಿಮಂಟಪವನ್ನು ಮುಟ್ಟಿಯೇ ಮುಗಿಯತಕ್ಕದ್ದು. ಪಾಂಡವರು ತಮ್ಮ ಆಯುಧಗಳನ್ನು ಅಡಗಿಸಿಟ್ಟ ಶಮೀವೃಕ್ಷವೆಂದು ನಾವು ಇದನ್ನು ಬಲ್ಲೆವು. ಆದರೆ ಇದೇ ಮರವು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಖೇಜಡಿಯೆಂಬ ಹೆಸರಿನಿಂದ ಜನಜೀವನಕ್ಕೇ ಆಧಾರವಾಗಿ ನಿಂತಿದೆಯೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ಮರಳಿನ ಆ ಬೆಂಗಾಡಿನಲ್ಲಿ ಈ ಮರವೂ ಅದರ ನೆರೆಹೊರೆಯ ಪ್ರಾಣಿಗಳೂ ಬದುಕುವ ಬಗೆ ಹೇಗೆ? ಇದೇ ನಮ್ಮ ಇಂದಿನ ವಿಷಯ.

ಥಾರಿನ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 10ರಿಂದ 20 ಸೆಂಟಿಮೀಟರ್ ಮಾತ್ರ. ಅದೂ ಬಹುಪಾಲು ಜುಲೈ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಕೆಲವು ವರ್ಷ ಅದೂ ಇಲ್ಲ. 2016ರ ಮೇ ತಿಂಗಳಿನಲ್ಲಿ ಫಲೋದಿ ಪಟ್ಟಣದ ಉಷ್ಣತೆ 51 ಡಿಗ್ರಿ ಸೆಲ್ಸಿಯಸ್ಸಿಗೆ ಏರಿತ್ತು. ಚಳಿಗಾಲದ ರಾತ್ರಿಗಳಲ್ಲಾದರೋ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಶೈತ್ಯವಿಳಿಯುವುದುಂಟು.

ಇಂತಹ ಪ್ರದೇಶದಲ್ಲಿ ಬದುಕುವ ಜೀವಿಗಳು ಎಲ್ಲಿಯೋ ನೀರನ್ನು ಕೂಡಿಟ್ಟುಕೊಂಡಿರಬೇಕೆಂದು ನಾವು ಸಹಜವಾಗಿ ಊಹಿಸುತ್ತೇವೆ. ಒಂಟೆಯ ಡುಬ್ಬವೇ ಅದರ ನೀರಿನ ಕೊಡವೆಂದು ಬಾಲ್ಯದಲ್ಲಿ ಕೇಳದವರಾರು? ಈ ಮಾತು ನಿಜವಲ್ಲ. ಡುಬ್ಬದಲ್ಲಿರುವುದು ಕೊಬ್ಬು, ಅದು ಮೇವಿಲ್ಲದ ಕಾಲಕ್ಕಾಗಿ ಕೂಡಿಟ್ಟ ಆಹಾರ. ಮರುಭೂಮಿಯ ಜೀವಿಗಳ ಗುಟ್ಟು ಕೂಡಿಡುವುದರಲ್ಲಿಲ್ಲ, ವ್ಯಯಮಾಡದಿರುವುದರಲ್ಲಿದೆ.

ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ನಾರ್ವೆ ದೇಶದಲ್ಲಿ ಹುಟ್ಟಿದ ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ. ಅವರೂ ಅವರ ಸಂಗಡಿಗರೂ 1953-54ರಲ್ಲಿ ಸಹಾರಾ ಮರುಭೂಮಿಯ ಬೆನಿ ಅಬ್ಬೆಸ್ ಎಂಬ ಊರಿನಲ್ಲಿ ನೆಲೆಸಿ ಒಂಟೆಗಳನ್ನು ಪರೀಕ್ಷಿಸಿದರು. ನಮ್ಮ ಥಾರಿನಲ್ಲಿರುವುದೂ ಅದೇ ಒಂಟಿ ಡುಬ್ಬದ ಜಾತಿ. ಮನುಷ್ಯನ ಮೈಯ ಶಾಖ ಒಂದೆರಡು ಡಿಗ್ರಿ ಏರಿದರೂ ನಾವು ಅದನ್ನು ಜ್ವರವೆನ್ನುತ್ತೇವೆ. ಆ ಶಾಖವನ್ನು ತಡೆಯಲು ನಮ್ಮ ಮೈ ಬೆವರನ್ನು ಸುರಿಸುತ್ತದೆ. ನೀರು ಕುಡಿಯದ ಒಂಟೆಯಾದರೋ ಬೆಳಗ್ಗೆ 34 ಡಿಗ್ರಿಯಷ್ಟು ತಣ್ಣಗಿದ್ದು, ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿಯನ್ನು ದಾಟುವವರೆಗೂ ಸುಮ್ಮನಿರುತ್ತದೆ. ಹಗಲು ಹೀರಿದ ಶಾಖವನ್ನು ರಾತ್ರಿಯ ತಣ್ಣನೆಯ ಗಾಳಿಗೆ ಬಿಟ್ಟುಕೊಡುತ್ತದೆ. ಈ ಒಂದು ಉಪಾಯದಿಂದಲೇ ದೊಡ್ಡ ಒಂಟೆಯೊಂದಕ್ಕೆ ದಿನಕ್ಕೆ ನಾಲ್ಕೈದು ಲೀಟರ್ ಬೆವರು ಉಳಿಯುತ್ತದೆ. ಮೈಮೇಲಿನ ದಟ್ಟವಾದ ಉಣ್ಣೆ ಬಿಸಿಲನ್ನು ತಡೆಯುವ ಕೊಡೆ. ಅದನ್ನು ಕತ್ತರಿಸಿದ ಒಂಟೆ ಸುಮಾರು ಒಂದೂವರೆ ಪಾಲು ನೀರನ್ನು ಕಳೆದುಕೊಂಡಿತು.

ಮೈಯ ತೂಕದ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ನೀರು ಹೋದರೆ ಆ ಬಿಸಿಲಿನಲ್ಲಿ ಮನುಷ್ಯನ ಪ್ರಾಣಕ್ಕೇ ಅಪಾಯ. ರಕ್ತವು ಗಟ್ಟಿಯಾಗಿ, ಒಳಗಿನ ಶಾಖವನ್ನು ಚರ್ಮಕ್ಕೆ ಸಾಗಿಸಲಾರದೆ ಹೋಗುತ್ತದೆ. ಒಂಟೆ ನಾಲ್ಕರಲ್ಲೊಂದು ಪಾಲನ್ನು ಕಳೆದುಕೊಂಡರೂ ತಡೆದುಕೊಳ್ಳುತ್ತದೆ. ನಷ್ಟವು ಹೆಚ್ಚಾಗಿ ಇತರ ಅಂಗಾಂಶಗಳಿಂದ ಆಗುತ್ತದೆಯಲ್ಲದೆ ರಕ್ತದಿಂದ ಅಷ್ಟಾಗಿ ಆಗುವುದಿಲ್ಲ. ನೀರು ಕಂಡಾಗ ಅದು ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರಿನಷ್ಟು ಕುಡಿಯಬಲ್ಲುದು. ಆದರೆ ಅದು ಹಿಂದಿನ ಸಾಲವನ್ನು ತೀರಿಸುವುದಕ್ಕೇ ಹೊರತು ಮುಂದಕ್ಕೆ ಕೂಡಿಡುವುದಕ್ಕಲ್ಲ.

ಒಂಟೆಯಷ್ಟು ದೊಡ್ಡ ದೇಹವಿಲ್ಲದ ಪ್ರಾಣಿಗಳು ಬಿಸಿಲನ್ನು ಎದುರಿಸುವುದಿಲ್ಲ, ತಪ್ಪಿಸಿಕೊಳ್ಳುತ್ತವೆ. ಬೇಸಗೆಯ ನಡುಹಗಲಿನಲ್ಲಿ ಮರಳಿನ ಮೇಲ್ಮೈ 60 ಡಿಗ್ರಿಗೂ ಹೆಚ್ಚು ಕಾದಿದ್ದರೂ, ಒಂದೆರಡು ಮೊಳ ಆಳದ ಬಿಲದಲ್ಲಿ ಅಷ್ಟು ಶಾಖವಿರುವುದಿಲ್ಲ. ಮರುಭೂಮಿಯ ಇಲಿಗಳು ಬೇಸಗೆಯಲ್ಲಿ ಬೆಳಗ್ಗೆ ಸಂಜೆ ಮಾತ್ರ ಹೊರಬಂದು ಮೇಯುತ್ತವೆ. ಉಡದ ಆಕಾರವನ್ನು ಹೋಲುವ, ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿ ಬಿಲದೊಳಗೆ ಸೇರಿ ಬಾಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಚಿಂಕಾರವು ಎಲೆಗಳಲ್ಲಿರುವ ರಸದಿಂದಲೂ ಇಬ್ಬನಿಯಿಂದಲೂ ಬಹುಕಾಲ ತೃಪ್ತಿಪಟ್ಟುಕೊಳ್ಳುತ್ತದೆ.

ಗಿಡಗಳಿಗೆ ಓಡಿಹೋಗುವ ಸೌಕರ್ಯವಿಲ್ಲ. ಅವುಗಳ ಕಷ್ಟವಾದರೂ ಇಮ್ಮಡಿಯಾದುದು. ಆಹಾರವನ್ನು ತಯಾರಿಸಲು ಇಂಗಾಲಾಮ್ಲವಾಯು ಬೇಕು. ಅದನ್ನು ಒಳಕ್ಕೆ ಬಿಡಲು ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆಯಬೇಕು. ತೆರೆದೊಡನೆಯೇ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಕಳ್ಳಿಯ ಜಾತಿಯ ಅನೇಕ ಗಿಡಗಳು ಈ ಬಾಗಿಲನ್ನು ರಾತ್ರಿ ಮಾತ್ರ ತೆರೆಯುತ್ತವೆ. ಕರೀರವೆಂಬ ಪೊದೆ ಎಲೆಗಳ ಹಂಗನ್ನೇ ಬಹುಮಟ್ಟಿಗೆ ತೊರೆದು ಹಸಿರು ಕೊಂಬೆಗಳಿಂದಲೇ ಆ ಕೆಲಸವನ್ನು ನಡೆಸುತ್ತದೆ. ಒಂದೇ ಮಳೆಗಾಲದ ಆಯುಸ್ಸುಳ್ಳ ಸಣ್ಣ ಗಿಡಗಳಾದರೋ ಬೀಜರೂಪದಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಇಂತಹ ಕೆಲವು ಬೀಜಗಳಲ್ಲಿ ಮೊಳಕೆಯನ್ನು ತಡೆಯುವ ದ್ರವ್ಯವಿರುತ್ತದೆ. ಸಾಕಷ್ಟು ಮಳೆಯಾಗಿ ಅದು ತೊಳೆದುಹೋದ ಹೊರತು ಬೀಜ ಮೊಳೆಯುವುದಿಲ್ಲ. ತುಂತುರು ಹನಿಗೆ ಮೋಸಹೋಗುವುದಿಲ್ಲ.

ನಮ್ಮ ಬನ್ನಿ ಹಿಡಿದುದು ಬೇರೆ ದಾರಿ. ಅದು ತಾಯಿಬೇರನ್ನು ಇಪ್ಪತ್ತು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಸಿ, ಮೇಲ್ಮಣ್ಣು ಒಣಗಿದಾಗಲೂ ತಳದ ತೇವವನ್ನು ಮುಟ್ಟಬಲ್ಲುದು. ಆದುದರಿಂದಲೇ ಬೇಸಗೆಯ ಉರಿಯಲ್ಲಿ ಸುತ್ತಲೆಲ್ಲ ಒಣಗಿರುವಾಗ ಅದು ಹೊಸ ಚಿಗುರನ್ನು ತಳೆದಿರುತ್ತದೆ. ಎಲೆ ಮೇಕೆ ಒಂಟೆಗಳಿಗೆ ಮೇವು. ಸಾಂಗರಿಯೆಂಬ ಎಳೆಯ ಕಾಯಿ ಮನುಷ್ಯರಿಗೆ ಪಲ್ಯ. ಅದರ ನೆರಳಿನಲ್ಲಿ ಸಜ್ಜೆಯ ಪೈರು ಸೊಗಸಾಗಿ ಬೆಳೆಯುವುದರಿಂದ ರೈತನು ಹೊಲದ ನಡುವೆಯೂ ಅದನ್ನು ಕಡಿಯದೆ ಉಳಿಸುತ್ತಾನೆ.

ಈ ಮರದ ಬೆಲೆಯನ್ನು ಅರಿತವರು ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು. 1730ರಲ್ಲಿ ಜೋಧಪುರದ ಅರಮನೆಯ ಕಟ್ಟಡಕ್ಕೆ ಸುಣ್ಣ ಸುಡಲು ಸೌದೆ ಬೇಕಾಗಿ, ಆಳುಗಳು ಖೇಜಡ್ಲಿ ಗ್ರಾಮಕ್ಕೆ ಬಂದರು. ಹಸಿರು ಮರವನ್ನು ಕಡಿಯಬಾರದೆಂಬ ನಿಯಮವುಳ್ಳ ಬಿಷ್ಣೋಯಿ ಪಂಥದ ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಆಕೆಯೂ ಸೇರಿ 363 ಜನರು ಕೊಡಲಿಗೆ ಬಲಿಯಾದರೆಂದು ಹೇಳುತ್ತಾರೆ. 1983ರಲ್ಲಿ ರಾಜಸ್ಥಾನವು ಖೇಜಡಿಯನ್ನು ತನ್ನ ರಾಜ್ಯವೃಕ್ಷವೆಂದು ಸಾರಿತು.

ಆದರೂ ಅದರ ಕಷ್ಟ ತೀರಿಲ್ಲ. ಕೊಳವೆಬಾವಿಗಳಿಂದ ತಳದ ನೀರು ಬೇರಿಗೂ ಎಟುಕದಷ್ಟು ಇಳಿಯುತ್ತಿದೆ. ಬೇರು ಕೊರೆಯುವ ಹುಳುವೂ ಬೂಷ್ಟುರೋಗವೂ ಸೊರಗಿದ ಮರವನ್ನು ಮುಗಿಸುತ್ತವೆ. ಸೂರ್ಯಶಕ್ತಿಯ ಸ್ಥಾವರಗಳಿಗೆ ಎಡೆಮಾಡಿಕೊಡಲು ಮರಗಳನ್ನು ಕಡಿಯುವುದನ್ನು ವಿರೋಧಿಸಿ ಬಿಕಾನೇರಿನ ಕಡೆಯ ಜನರು 2024ರಲ್ಲಿ ಧರಣಿ ಕುಳಿತರು. ನಮಗೆ ವಿದ್ಯುಚ್ಛಕ್ತಿಯೂ ಬೇಕು, ನೀರೂ ಬೇಕು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮರಳುಗಾಡನ್ನು ಬರಿಯ ಪಾಳುನೆಲವೆಂದು ಎಣಿಸುವುದು ತಪ್ಪು. ಅಲ್ಲಿನ ಪ್ರತಿಯೊಂದು ಜೀವಿಯೂ ದೊರೆತಷ್ಟರಲ್ಲಿಯೇ ಬಾಳುವ ಲೆಕ್ಕಾಚಾರವನ್ನು ಬಹುಕಾಲದಿಂದ ಕಲಿತು ನಿಂತಿದೆ. ದೊರೆತುದಕ್ಕಿಂತ ಹೆಚ್ಚು ವ್ಯಯಮಾಡುತ್ತಿರುವವರು ನಾವು. ಬನ್ನಿಯ ಎಲೆಯನ್ನು ಕೈಯಲ್ಲಿ ಹಿಡಿದು ಬಂಗಾರದಂತೆ ಬಾಳೋಣವೆಂದು ಹಾರೈಸುವಾಗ ಈ ಲೆಕ್ಕವನ್ನೂ ನಾವು ನೆನೆಯುವುದು ಉಚಿತ.