ಚಿಪ್ಪಿನ ವಿಷವೂ ಯಕೃತ್ತಿನ ಕೋಶವೂ

ನಮ್ಮ ಕರಾವಳಿಯವರು ಮರುವಾಯಿ, ಪಚ್ಚಿಲೆ ಎಂದು ಕರೆಯುವ ಚಿಪ್ಪುಜೀವಿಗಳು ಕಡಲನೀರನ್ನು ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಗಳನ್ನು ಉಂಡು ಬದುಕುತ್ತವೆ. ಈ ಬಗೆಯ ಜೀವಿಗಳು ಜಪಾನಿನಲ್ಲಿಯೂ ಪ್ರಿಯವಾದ ಆಹಾರ. 1976 ಮತ್ತು 1977ರಲ್ಲಿ ಆ ದೇಶದ ಈಶಾನ್ಯ ಭಾಗದಲ್ಲಿ ಇವುಗಳನ್ನು ತಿಂದ ಅನೇಕರು ವಾಂತಿ ಭೇದಿಗಳಿಂದ ನರಳಿದರು. ಡೈನೊಫೈಸಿಸ್ ಎಂಬ ಪಂಗಡದ ಏಕಕೋಶಜೀವಿಗಳು ಉತ್ಪಾದಿಸುವ ವಿಷವು ಚಿಪ್ಪುಜೀವಿಯ ಮಾಂಸದಲ್ಲಿ ಸಂಚಯಗೊಂಡುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು. ಇಂತಹ ವಿಷಗಳಲ್ಲಿ ಮುಖ್ಯವಾದುದು ಒಕಡೇಯಿಕ್ ಆಮ್ಲ. 1981ರಲ್ಲಿ ಇದರ ರಚನೆಯನ್ನು ಪ್ರಕಟಿಸಿದಾಗ, ಇದು ದೊರೆತ ಸ್ಪಂಜಿನ ಹೆಸರನ್ನೇ ಇದಕ್ಕೂ ಇಡಲಾಯಿತು.

ಈ ವಿಷವು ಜೀವಕೋಶದಲ್ಲಿ ಮಾಡುವುದೇನು? ಇದನ್ನು ತಿಳಿಯಲು ಯಕೃತ್ತಿನ ಕೆಲಸವನ್ನು ಮೊದಲು ಅರಿಯಬೇಕು. ಯಕೃತ್ತು ದೇಹದ ಕಣಜ. ಊಟವಾದ ಬಳಿಕ ರಕ್ತದಲ್ಲಿ ಹೆಚ್ಚಿದ ಸಕ್ಕರೆಯನ್ನು ಅದು ಗ್ಲೈಕೊಜೆನ್ ರೂಪದಲ್ಲಿ ಕೂಡಿಡುತ್ತದೆ. ಉಪವಾಸದ ವೇಳೆಯಲ್ಲಿ ಅದನ್ನೇ ಒಡೆದು ರಕ್ತಕ್ಕೆ ಬಿಡುತ್ತದೆ. ಕೂಡಿಡುವುದಕ್ಕೆ ಒಂದು ಕಿಣ್ವ, ಒಡೆಯುವುದಕ್ಕೆ ಇನ್ನೊಂದು. ಎರಡಕ್ಕೂ ಆಜ್ಞೆ ದೊರೆಯುವುದು ಫಾಸ್ಫೇಟ್ ಎಂಬ ಪುಟ್ಟ ಅಣುಗುಚ್ಛದ ಮೂಲಕ. ಅದು ಅಂಟಿಕೊಂಡರೆ ಒಡೆಯುವ ಕಿಣ್ವವು ಚುರುಕಾಗುತ್ತದೆ, ಕೂಡಿಡುವ ಕಿಣ್ವವು ಮಂಕಾಗುತ್ತದೆ. ಕಳಚಿಕೊಂಡರೆ ಇದರ ವಿಪರ್ಯಾಸ. ಅಂಟಿಸುವ ಕಿಣ್ವಗಳು ಬೇರೆ, ಕಳಚುವ ಕಿಣ್ವಗಳು ಬೇರೆ. ಈ ಎರಡು ಪಕ್ಷಗಳ ಸಮತೋಲದಲ್ಲಿಯೇ ಚಯಾಪಚಯದ ಕ್ರಮವು ನಿಂತಿದೆ.

ಒಕಡೇಯಿಕ್ ಆಮ್ಲವು ಯಾವುದನ್ನೂ ಒಡೆಯುವುದಿಲ್ಲ, ಸುಡುವುದಿಲ್ಲ. ಫಾಸ್ಫೇಟನ್ನು ಕಳಚುವ ಮುಖ್ಯ ಕಿಣ್ವಗಳನ್ನು ಮಾತ್ರ ಅದು ಹಿಡಿದು ನಿಲ್ಲಿಸುತ್ತದೆ. ಅಂಟಿಸುವವು ತಮ್ಮ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತವೆ. 1989ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಬೇರ್ಪಡಿಸಿದ ಯಕೃತ್ಕೋಶಗಳಿಗೆ ಈ ವಿಷವನ್ನು ಸೇರಿಸಿದಾಗ, ಅವು ಹೊರಬಿಡುವ ಸಕ್ಕರೆಯ ಪ್ರಮಾಣವು ಹೆಚ್ಚಿತು. ಹೊಸದಾಗಿ ಸಕ್ಕರೆಯನ್ನು ನಿರ್ಮಿಸುವ ಕ್ರಿಯೆಯೂ ಚುರುಕಾಯಿತು. ಉಪವಾಸದ ಸಂದೇಶವನ್ನು ಒಯ್ಯುವ ಹಾರ್ಮೋನು ಇಲ್ಲದೆಯೇ ಕೋಶವು ಉಪವಾಸವಿದ್ದಂತೆ ವರ್ತಿಸಿತು. ಕಣಜದ ಬಾಗಿಲು ತೆರೆದೇ ಉಳಿಯಿತು. ಮುಚ್ಚುವವನ ಕೈಯನ್ನು ವಿಷವು ಕಟ್ಟಿಹಾಕಿತ್ತು.

ಇದರಿಂದ ವಿಜ್ಞಾನಕ್ಕೆ ದೊರೆತ ಲಾಭವು ಅಲ್ಪವಲ್ಲ. ಆಜ್ಞೆಯನ್ನು ಕೊಡುವುದು ಎಷ್ಟು ಮುಖ್ಯವೋ ಅದನ್ನು ಹಿಂತೆಗೆದುಕೊಳ್ಳುವುದೂ ಅಷ್ಟೇ ಮುಖ್ಯವೆಂಬುದನ್ನು ಜೀವಂತ ಕೋಶದಲ್ಲಿ ತೋರಿಸಲು ಈ ವಿಷವೇ ಸಾಧನವಾಯಿತು.

ಆದರೆ ಪ್ರಯೋಗಶಾಲೆಯ ಕೋಶವೇ ಬೇರೆ, ಉಣ್ಣುವ ಮನುಷ್ಯನೇ ಬೇರೆ. ಮನುಷ್ಯನಲ್ಲಿ ಮೊದಲು ಬಾಧೆಗೊಳ್ಳುವುದು ಕರುಳು. ರೋಗಿಯು ಸಾಮಾನ್ಯವಾಗಿ ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾನೆ. ಹಾಗೆಂದು ಉದಾಸೀನವು ಸಲ್ಲದು. ಈ ವಿಷವು ಬೇಯಿಸಿದರೂ ನಾಶವಾಗುವುದಿಲ್ಲ. ರುಚಿಯಿಂದಾಗಲಿ ವಾಸನೆಯಿಂದಾಗಲಿ ಅದು ಪತ್ತೆಯಾಗದು. ಯುರೋಪಿನ ಒಕ್ಕೂಟವು ಒಂದು ಕಿಲೋಗ್ರಾಂ ಚಿಪ್ಪುಮಾಂಸದಲ್ಲಿ 160 ಮೈಕ್ರೋಗ್ರಾಮಿಗಿಂತ ಹೆಚ್ಚು ಇರಕೂಡದೆಂದು ವಿಧಿಸಿದೆ. ಅಡುಗೆಯ ಬೆಂಕಿಯು ಕಾಯಲಾರದ ಈ ಅಪಾಯದಿಂದ ಉಣ್ಣುವವನನ್ನು ಕಾಯತಕ್ಕುದು ನೀರಿನ ಮತ್ತು ಮಾಂಸದ ಪರೀಕ್ಷೆಯೇ ಹೊರತು ಬೇರೆಯಿಲ್ಲ.